ಕನ್ನಡಕದೊಳಗಿನ ನಿಮ್ಮ ಕೈ

ಅಪ್ಪ,

ಓದಲು ನೀವಿಲ್ಲವೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಬೆನ್ನುಮೂಳೆಯ ಆಪರೇಷನ್‌ಗೆ ಹೊಸ ಕನ್ನಡಕ ಹಾಕಿಕೊಂಡೆ. ರೋಗಿಯ ಬೆನ್ನಿನ ಮೇಲೆಯೇ ಒಳಗಿನ ಮೂಳೆಯ ಚಿತ್ರ ಮೂಡಿ, ಡ್ರಿಲ್ ಇಳಿಸಬೇಕಾದ ದಾರಿಯನ್ನು ನೀಲಿ ಗೆರೆಯೊಂದು ತೋರಿಸಿತು. ಮೂಳೆಯ ಹತ್ತಿರ ಬಂದಾಗ ಗೆರೆ ಕೊಂಚ ಹೊರಗೆ ವಾಲಿತು. ಡ್ರಿಲ್ಲನ್ನು ಹಾಗೆ ವಾಲಿಸುತ್ತಿದ್ದ ಸರ್ಜನ್ ನೀವೊಬ್ಬರೇ.

“ಕನ್ನಡಕಕ್ಕೆ ಇದನ್ನ ನಿಮ್ಮ ತಂದೆಯವರೇ ಕಲಿಸಿದ್ದು ಮೇಡಂ. ತಿಂಗಳುಗಟ್ಟಲೆ ಬಂದು ಬಿಡಿಸಿ ಹೇಳಿದ್ರು. ನಿಮಗೆ ಗೊತ್ತಿರ್ಲಿಲ್ವಾ?” ಎಂದ ಕನ್ನಡಕದ ಕಂಪನಿಯ ಎಂಜಿನಿಯರ್.

ಇದನ್ನು ಕಲಿಸಿ ಎಂದು ನಾನು ಕೇಳಿದಾಗಲೆಲ್ಲ, “ಅದು ಹೇಳಿಕೊಡೋದಲ್ಲಮ್ಮ, ಕೈಗೆ ತಾನಾಗೇ ಬರ್ಬೇಕು” ಎನ್ನುತ್ತಿದ್ದಿರಿ. ನಂಬಿದ್ದೆ. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡಿದ್ದೆ.

ಗೆರೆ ಹಿಡಿದು ಡ್ರಿಲ್ ಇಳಿಸಿದೆ. ರೋಗಿ ಚೆನ್ನಾಗಿದ್ದಾರೆ. ಹೊರಬರುವಾಗ, ನಿಮ್ಮ ಜೊತೆ ದುಡಿದ ಹಿರಿಯ ನರ್ಸ್ ನನ್ನ ಬೆನ್ನು ತಟ್ಟಿದರು: “ಥೇಟ್ ಅಪ್ಪನ ಕೈ ಕಣಮ್ಮ ನಿಂದು!”