ಏರಿನಲ್ಲಿ ಹಿಡಿಯಲು ಕಂಬಿ ಇಲ್ಲ

ನವೆಂಬರ್ ೧೮, ಸೋಮವಾರ. ಬೆಳಿಗ್ಗೆ

ಮತ್ತೆ ಜಿಮ್. ಮತ್ತೆ ಅದೇ ಟ್ರೆಡ್‌ಮಿಲ್ ಬೆಲ್ಟ್. ಮೊದಲು ನಡಿಗೆ, ಆಮೇಲೆ ಬಿರುನಡಿಗೆ, ಆಮೇಲೆ ಓಟ. ಓಟ ಅನ್ನಲು ನಾಚಿಕೆ. ತೋಟಕ್ಕೆ ನುಗ್ಗಿದ ದನ ಅಟ್ಟೋರು ಇದಕ್ಕಿಂತ ಜೋರಾಗಿ ಹೋಗ್ತಾರೆ.

ಎದುರಿಗೆ ಗೋಡೆ ಪೂರ್ತಿ ಕನ್ನಡಿ. ಇಪ್ಪತ್ತು ವರ್ಷದ ಮೇಲಾಯ್ತು ಬಸ್ ಓಡಿಸಲು ಶುರು ಮಾಡಿ — ಸಾಗರ, ಹೊಸನಗರ, ಕೋಣಂದೂರು, ತೀರ್ಥಹಳ್ಳಿ, ಮತ್ತೆ ವಾಪಸ್. ಅಲ್ಲಿ ನಾನು ಕೂತಿರುತ್ತಿದ್ದೆ, ರಸ್ತೆ ಓಡುತ್ತಿತ್ತು. ಇಲ್ಲಿ ನಾನೇ ಓಡಬೇಕು, ಆದರೂ ಕಾಣೋದು ಅದೇ ಹೊಟ್ಟೆ, ಅದೇ ಬನಿಯನ್. ಬ್ರೇಕ್ ಎಲ್ಲಿದೆ ಅಂತ ಬಲಗಾಲು ಹುಡುಕುತ್ತೆ. ಒಂದು ಸಲ ಒತ್ತಿಯೂ ಬಿಟ್ಟಿತು, ಜಾರಿ ಮುಗ್ಗರಿಸಿದೆ.

ಜಿಮ್ ನಡೆಸುವ ಹರ್ಷ ಓಡಿ ಬಂದ. "ಗುತ್ಯಣ್ಣ, ಕಂಬಿ ಹಿಡೀಬೇಡಿ ಅಂತ ಎಷ್ಟ್ ಸಲ ಹೇಳ್ಳಿ? ಭಾರ ಎಲ್ಲ ಕೈಗೆ ಹೋಗುತ್ತೆ. ಎದೆಗೆ ಕೆಲ್ಸನೇ ಇರಲ್ಲ."

ಹಿಡಿಯಲ್ಲ ಅಂದೆ. ಅವನು ಆ ಕಡೆ ಹೋದ ಮೇಲೆ ಹಿಡಿದೆ.

ನವೆಂಬರ್ ೨೧

ನಾಲ್ಕಕ್ಕೆ ಎಚ್ಚರ. ಎದ್ದು ಎಲ್ಲಿಗೆ ಹೋಗೋದು? ಬಸ್ ಈಗ ದೀಪಕ್ ಓಡಿಸ್ತಾನೆ. ಒಳ್ಳೇ ಹುಡುಗ, ಆದರೆ ತಿರುವಿನಲ್ಲಿ ಗೇರ್ ಇಳಿಸಲ್ಲ.

ಸೆಪ್ಟೆಂಬರ್‌ನಲ್ಲಿ ಹೊಸನಗರ ಇನ್ನೂ ಸ್ವಲ್ಪ ದೂರ ಇದ್ದಾಗ ಎದೆ ಹಿಡಿಯಿತು. ಹೇಗೋ ಬಸ್ ಪಕ್ಕಕ್ಕೆ ತಂದು ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದೆ ಕೂತವರು ಟಯರ್ ಪಂಕ್ಚರ್ ಅಂದುಕೊಂಡು ಇಳಿದರು. ಸ್ಟೆಂಟ್ ಹಾಕಿದರು. ಜನವರಿಯಲ್ಲಿ ಟಿಎಂಟಿ — ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡ್ತಾರಂತೆ. ಅಲ್ಲಿವರೆಗೆ ಸ್ಟೇರಿಂಗ್ ಮುಟ್ಟಬಾರದು.

ಬಸ್ಸಿನ ಮಾಲೀಕರು ಕೋಣಂದೂರಿನ ಮುಕುಂದಯ್ಯ. ಮಾತು ಖಡಕ್. "ಟೆಸ್ಟ್ ಪಾಸಾದ್ರೆ ಗಾಡಿ ನಿಂದೇ. ಇಲ್ದಿದ್ರೆ ದೀಪಕ್‌ನ ಪರ್ಮನೆಂಟ್ ಮಾಡ್ತೀನಿ. ಬೇಜಾರ್ ಮಾಡ್ಕೋಬೇಡ."

ಬೇಜಾರ್ ಮಾಡ್ಕೋಬೇಡ ಅಂತೆ! ಗಾಡಿ ಬಿಟ್ಟರೆ ನನಗೆ ಗೊತ್ತಿರೋದು ಏನು? ಅದಕ್ಕೇ ಈ ಬೆಲ್ಟ್. ಪರೀಕ್ಷೆ ಯಾವ ಮೆಷಿನ್ ಮೇಲೋ ಅಭ್ಯಾಸವೂ ಅದರ ಮೇಲೇ.

ನವೆಂಬರ್ ೩೦, ಶನಿವಾರ

ಜಿಮ್‌ನಲ್ಲಿ ಕರೆಂಟ್ ಇಲ್ಲ. ಹರ್ಷ ಫೋನ್ ಮಾಡಿ ಬರಬೇಡಿ ಅಂದ. ಶೂ ಆಗಲೇ ಹಾಕಿಯಾಗಿತ್ತು. ಸಾಗರ ದಾಟಿ ಹೊಸನಗರ ರಸ್ತೆ ಹಿಡಿದೆ.

ಅಬ್ಬಾ.

ಮಂಜು. ಮುಖಕ್ಕೆ ಗಾಳಿ. ಕಾಲು ಹಾಕಿದಷ್ಟು ದೂರ ಮುಂದೆ ಹೋಗ್ತೀನಿ, ನಿಜವಾಗಿ ಹೋಗ್ತೀನಿ! ಬೆಲ್ಟ್ ಮೇಲೆ ವೇಗ ಅದರದ್ದು, ನಾನು ಬರೀ ಬೀಳದ ಹಾಗೆ ನೋಡಿಕೊಳ್ಳೋದು. ಇಲ್ಲಿ ವೇಗ ನನ್ನದು. ನಿಧಾನ ಮಾಡಬೇಕಾ, ಮಾಡಿದೆ. ಈ ರಸ್ತೆಯ ಒಂದೊಂದು ಗುಂಡಿಯೂ ಗೊತ್ತು ಅಂದುಕೊಂಡಿದ್ದೆ. ಚಕ್ರಕ್ಕೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಒಂದೇ ತೊಂದರೆ — ಎಲ್ಲರೂ ನಿಲ್ಲಿಸ್ತಾರೆ. ನಮ್ಮ ಕಡೆ ರಸ್ತೆಯಲ್ಲಿ ಮನುಷ್ಯ ಓಡ್ತಿದ್ದಾನೆ ಅಂದರೆ ಬಸ್ ತಪ್ಪಿದೆ ಅಂತಲೇ ಲೆಕ್ಕ. ಒಂದು ಬೈಕ್, ಒಂದು ಓಮ್ನಿ, ಆಮೇಲೆ ಇಟ್ಟಿಗೆ ಲಾರಿ. "ಹತ್ತಿ ಮಾರಾಯ್ರೆ, ಬಿಡ್ತೀನಿ." ಬೇಡ, ಸುಮ್ನೆ ಓಡ್ತಿದೀನಿ ಅಂದರೆ ಲಾರಿಯವನು ಮೇಲಿಂದ ಕೆಳಗೆ ನೋಡಿದ. "ಸುಮ್ನೆ ಯಾರು ಓಡ್ತಾರೆ?"

ಮನೆಗೆ ಬಂದು ಮೂರು ದೋಸೆ ತಿಂದೆ. ಸುಷ್ಮಾ ನಾಲ್ಕನೇದು ಹಾಕಲಿಲ್ಲ. ಹೆಂಡತಿ ಈಗ ನರ್ಸ್ ಆಗಿಬಿಟ್ಟಿದ್ದಾಳೆ.

ಡಿಸೆಂಬರ್ ೩

ಇವತ್ತೂ ರಸ್ತೆ. ಇನ್ನೂ ದೂರ ಹೋದೆ, ದೊಡ್ಡ ಏರಿನವರೆಗೆ. ತುಂಬಿದ ಬಸ್ಸಿಗೆ ಸೆಕೆಂಡ್ ಗೇರ್ ಕೇಳುವ ಏರು. ಅರ್ಧ ಹತ್ತಿರಬಹುದು, ರಸ್ತೆ ಬದಿ ಮೋರಿಯ ಹತ್ತಿರ ಎದೆ ಮಧ್ಯ ಬಿಗಿ ಹಿಡಿಯಿತು. ನೋವಲ್ಲ. ಬಿಗಿ. ಎಡಗೈಗೂ ಸ್ವಲ್ಪ ಬಂತು.

ನಿಂತೆ. ಹೋಯಿತು.

ಚಳಿ ಇರಬೇಕು. ರಾತ್ರಿ ತಿಂದ ಕಡಲೆ ಇರಬೇಕು. ಜಿಮ್‌ನಲ್ಲಿ ಇಷ್ಟು ದಿನದಲ್ಲಿ ಒಂದು ಸಲವೂ ಹೀಗಾಗಿಲ್ಲ, ಅಲ್ಲೂ ಏರು ಏರಿಸಿಕೊಂಡೇ ಓಡಿದ್ದೇನೆ.

ಸುಷ್ಮಾಗೆ ಹೇಳಿಲ್ಲ.

ಡಿಸೆಂಬರ್ ೬

ಮತ್ತೆ ಅದೇ ಮೋರಿ. ಅದೇ ಬಿಗಿ. ಗ್ಯಾಸ್.

ಡಿಸೆಂಬರ್ ೯, ಸೋಮವಾರ. ಸಂಜೆ

ಇವತ್ತು ಆದದ್ದಕ್ಕೆ ನಗಬೇಕೋ ಅಳಬೇಕೋ.

ಬೆಳಿಗ್ಗೆ ಓಡಿ ವಾಪಸ್ ಬರ್ತಿದ್ದೆ, ಸಾಗರದ ಕಡೆಗೆ. ನಮ್ಮ ಬಸ್ ಆಗಷ್ಟೇ ಎದುರಿನಿಂದ ಹೊಸನಗರಕ್ಕೆ ಹೋಯಿತು, ದೀಪಕ್ ಹಾರ್ನ್ ಹೊಡೆದ. ಸ್ವಲ್ಪ ಹೊತ್ತಿಗೆ ಡೇರಿಗೆ ಹಾಲು ಹಾಕುವ ಹೂವಯ್ಯ ಬೈಕಿನಲ್ಲಿ ಬಂದ. ನನ್ನನ್ನು ನೋಡಿದ. ಖಾಕಿ ಪ್ಯಾಂಟ್ — ಟ್ರ್ಯಾಕ್ ಪ್ಯಾಂಟ್ ಒಣಗಿರಲಿಲ್ಲ, ಹಳೇದನ್ನೇ ಹಾಕಿಕೊಂಡಿದ್ದೆ. ಬೆವರು. ಬಸ್ ಹೋದ ದಿಕ್ಕಿನಿಂದ ಒಬ್ಬನೇ ಓಡಿ ಬರ್ತಿದ್ದೇನೆ. ಹೂವಯ್ಯ ಒಂದು ಮಾತೂ ಕೇಳಲಿಲ್ಲ. ಬೈಕ್ ತಿರುಗಿಸಿ ಸಾಗರದ ಕಡೆ ಹಾರಿದ.

ಬಸ್ಸಿನ ಡ್ರೈವರ್ ರಸ್ತೆಯಲ್ಲಿ ಯಾವಾಗ ಓಡ್ತಾನೆ? ಗಾಡಿ ಬೀಳಿಸಿದಾಗ! ಪೇಪರಿನಲ್ಲಿ ದಿನಾ ಓದ್ತೀವಲ್ಲ, ಚಾಲಕ ಪರಾರಿ. ನಾನು ರಜೆಯಲ್ಲಿದ್ದೇನೆ ಅಂತ ಹೂವಯ್ಯನಿಗೆ ಹೇಗೆ ಗೊತ್ತಾಗಬೇಕು?

ನಾನು ಮನೆ ಮುಟ್ಟುವುದರೊಳಗೆ ಊರವರ ಬಾಯಲ್ಲಿ ಬಸ್ ಕಂದಕಕ್ಕೆ ಬಿದ್ದು ಆಗಿತ್ತು. ದಾರಿಯಲ್ಲಿ ನನ್ನನ್ನು ದಾಟಿಕೊಂಡೇ ಎರಡು ಜೀಪು ಹೋಗಿದ್ದವು. ಆಂಬುಲೆನ್ಸ್‌ಗೆ ಫೋನ್ ಹೋಗಿತ್ತು. ಆ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ, ದೀಪಕ್‌ಗೂ ಕಂಡಕ್ಟರ್ ಗಣೇಶನಿಗೂ ಫೋನ್ ಹತ್ತಲಿಲ್ಲ. ಒಂದು ಹೆಂಗಸು ನಮ್ಮ ಮನೆ ಬಾಗಿಲಿಗೇ ಬಂದಳು. ಮಗಳು ಆ ಬಸ್ಸಿನಲ್ಲೇ ಕಾಲೇಜಿಗೆ ಹೋಗಿದ್ದಳು. ನನ್ನ ಅಂಗಿ ಹಿಡಿದುಕೊಂಡು "ಎಲ್ಲಿ ಬಿಟ್ಟು ಬಂದ್ರಿ? ನನ್ ಮಗೂನ ಎಲ್ಲಿ ಬಿಟ್ಟು ಬಂದ್ರಿ?" ಅಂತ ಕೂಗಿದಳು. ಬಸ್ ನನ್ನ ಕಣ್ಣೆದುರೇ ಸರಿಯಾಗಿ ಹೋಯಿತು ಅಂದರೂ ನಂಬಲಿಲ್ಲ. ಸುಷ್ಮಾ ಅವಳನ್ನು ಕೂರಿಸಿ ನೀರು ಕೊಟ್ಟಳು.

ಜೀಪಿನವರು ಹೊಸನಗರ ಮುಟ್ಟಿದಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತಿತ್ತು. ದೀಪಕ್ ಇಡ್ಲಿ ತಿಂತಿದ್ದನಂತೆ.

ಈಗ ಎಲ್ಲರೂ ನಗ್ತಿದ್ದಾರೆ. ಆ ಹೆಂಗಸಿನ ಕೈ ಇನ್ನೂ ಅಂಗಿ ಮೇಲೆ ಇದ್ದ ಹಾಗೇ ಇದೆ ನನಗೆ.

ಡಿಸೆಂಬರ್ ೧೦

ಮುಕುಂದಯ್ಯರ ಫೋನ್. ಮೊದಲು ಬೈದರು. ಆಮೇಲೆ ಸ್ವಲ್ಪ ನಕ್ಕರು. ಆಮೇಲೆ ಮತ್ತೆ ಬೈದರು. "ಓಡೋದಾದ್ರೆ ಆ ಮೆಷಿನ್ ಮೇಲೆ ಓಡು. ರಸ್ತೆ ಮೇಲೆ ಡ್ರೈವರ್ ಓಡ್ಬಾರ್ದು. ಇನ್ನೊಂದ್ಸಲ ಹಿಂಗಾದ್ರೆ ಟೆಸ್ಟೂ ಬೇಡ ಎಂತದೂ ಬೇಡ."

ಆಯ್ತಯ್ಯಾ ಅಂದೆ.

ಸುಷ್ಮಾಗೆ ಪಾಪ ಅನಿಸಿತು. "ಹೊರಗೆ ಓಡಿದ್ ದಿನ ನಿಮ್ ಮುಖ ಚೆನ್ನಾಗಿರ್ತಿತ್ತು" ಅಂದಳು. ನಾನೂ ದೊಡ್ಡದಾಗಿ ಉಸಿರು ಬಿಟ್ಟೆ. ಆದರೆ ಇಲ್ಲಿ ಸುಳ್ಳು ಬರೆದು ಯಾರಿಗೇನು? ನನಗೆ ಸಮಾಧಾನವೇ ಆಯಿತು. ಇನ್ನು ಆ ಏರಿಗೆ ಹೋಗಬೇಕಾಗಿಲ್ಲ.

ಜನವರಿ ೨, ಗುರುವಾರ

ಬೆಲ್ಟ್. ಬೆಲ್ಟ್. ಬೆಲ್ಟ್.

ಟಿಎಂಟಿಯಲ್ಲಿ ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಜಾಸ್ತಿ ಮಾಡ್ತಾರಂತೆ. ನಾನೂ ಹಾಗೇ ಮಾಡ್ತೀನಿ. ಕಂಬಿ ಗಟ್ಟಿಯಾಗಿ ಹಿಡಿದರೆ ಎಷ್ಟು ಏರಾದರೂ ಹತ್ತಬಹುದು. ಬಿಟ್ಟರೆ... ಒಂದು ದಿನ ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಏನೋ ಶುರು ಆಗುವ ಹಾಗಿತ್ತು. ಪೂರ್ತಿ ಆಗಲು ಬಿಡಲಿಲ್ಲ. ಮತ್ತೆ ಹಿಡಿದೆ.

ರಾತ್ರಿ ಮಂಚದ ತುದಿಯ ಹಲಗೆಯನ್ನು ಬಲಗಾಲು ಒತ್ತುತ್ತಂತೆ. "ಎಲ್ಲಿಗೆ ಹೋಗ್ತಿದೀರಿ?" ಅಂತ ಸುಷ್ಮಾ ಕೇಳಿದಳು. ಬ್ರೇಕ್ ಹಾಕ್ತಿದೀನಿ ಅಂದೆ. ಅವಳು ನಗಲಿಲ್ಲ.

ಜನವರಿ ೧೬, ಗುರುವಾರ. ಸಂಜೆ

ಪಾಸ್.

ಶಿವಮೊಗ್ಗದ ಆಸ್ಪತ್ರೆ. ಎದೆ ಕೂದಲು ಬೋಳಿಸಿ ವೈರ್ ಅಂಟಿಸಿದರು. ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಮೊದಲೇ ಹೇಳಿದರು, "ಬ್ಯಾಲೆನ್ಸ್‌ಗೆ ಬೆರಳು ತಾಗಿಸಿ ಸಾಕು, ಭಾರ ಬಿಡ್ಬೇಡಿ." ಹೂಂ ಅಂದೆ. ಅವರು ಸ್ಕ್ರೀನ್ ಕಡೆ ತಿರುಗಿದಾಗೆಲ್ಲ ಭಾರ ಬಿಟ್ಟೆ. ಈ ಕಡೆ ತಿರುಗಿದರೆ ಬೆರಳು. ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿಕೊಂಡು ಬದುಕಿದವನು ನಾನು, ಅವರು ಯಾವಾಗ ತಿರುಗ್ತಾರೆ ಅಂತ ಹಿಡಿಯೋದು ಕಷ್ಟವಾಗಲಿಲ್ಲ.

"ಎದೆ ಬಿಗಿ ಏನಾದ್ರೂ ಇದ್ಯಾ?"

"ಇಲ್ಲ ಮೇಡಂ."

ಆಗ ಇರಲೂ ಇಲ್ಲ. ಆದರೆ ಹೊರಗೆ ಎಲ್ಲಾದರೂ ಆಗುತ್ತಾ ಅಂತ ಡಾಕ್ಟರ್ ಕೇಳಿದಾಗಲೂ ಅದನ್ನೇ ಹೇಳಿದೆ.

ರಿಪೋರ್ಟ್‌ನಲ್ಲಿ ನೆಗೆಟಿವ್ ಅಂತ ಬರೆದಿದೆ. ನೋಡಿ ಸುಷ್ಮಾ ಮುಖ ಬಿಳುಚಿತು. ನೆಗೆಟಿವ್ ಅಂದ್ರೆ ಒಳ್ಳೇದು ಅಂತ ತಿಳಿಸಿ ಹೇಳಬೇಕಾಯಿತು. ಆಸ್ಪತ್ರೆ ಕ್ಯಾಂಟೀನಿನಲ್ಲಿ ಅವಳೇ ನನಗೆ ಮಸಾಲೆ ದೋಸೆ ಹೇಳಿದಳು. ತಿನ್ನಲಾಗಲಿಲ್ಲ.

ರಿಪೋರ್ಟಿನ ಫೋಟೋ ಮುಕುಂದಯ್ಯರಿಗೆ ಕಳಿಸಿದೆ. "ಸೋಮವಾರದಿಂದ ಬಾ" ಅಂದರು.

ಜನವರಿ ೧೮, ಶನಿವಾರ

ಬಸ್ ನೋಡಿ ಬರೋಣ ಅಂತ ಸ್ಟ್ಯಾಂಡಿಗೆ ಹೋದೆ. ದೀಪಕ್ ಸೀಟು ಮುಂದೆ ಎಳೆದುಕೊಂಡಿದ್ದಾನೆ, ನನಗೆ ಮಂಡಿ ಹಿಡಿಸಲ್ಲ. ಸ್ಟೇರಿಂಗ್ ಮೇಲೆ ಕೈ ಇಟ್ಟೆ. ಕಣ್ಣು ತುಂಬಿ ಬಂತು, ಗಣೇಶ ನೋಡ್ತಾನೆ ಅಂತ ಕೆಳಗಿಳಿದು ಬಗ್ಗಿ ಟಯರ್ ನೋಡಿದ ಹಾಗೆ ಮಾಡಿದೆ.

ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಕನ್ನಮ್ಮ ಬಂದಳು. ಹೊಸನಗರದಲ್ಲಿ ಕೂತು ಸೊಪ್ಪು ಮಾರ್ತಾಳೆ, ನನ್ನ ಹಿಂದಿನ ಸೀಟು ಅವಳದ್ದೇ. ಕೂತ ಐದು ನಿಮಿಷಕ್ಕೆ ಬಾಯಿ ತೆರೆದು ನಿದ್ದೆ.

"ನಾಡಿದ್ದಿಂದ ನೀವಂತೆ? ಬದುಕ್ದೆ ಮಾರಾಯ್ರೆ! ಈ ದೀಪಕ ಓಡ್ಸಿದ್ರೆ ಕಣ್ಣು ಮುಚ್ಚಕ್ಕಾಗಲ್ಲ. ನಾಕ್ ತಿಂಗ್ಳಿಂದ ನಿದ್ದಿಲ್ಲ ನಂಗೆ. ನೀವ್ ಬನ್ನಿ, ನಾನ್ ಮಲಗ್ತೀನಿ."

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ಹೋದವನು ಆಗಲೇ ಮನೆಗೆ ಬಂದುಬಿಟ್ಟೆ. ಹೆದರಿಕೆ ಆಗ್ತಿದೆ. ನನಗೆ ಏನಾದರೂ ಆಗುತ್ತೆ ಅಂತಲ್ಲ. ಅವಳು ಮಲಗಿರ್ತಾಳೆ ಅಂತ.

ಜನವರಿ ೧೯, ಭಾನುವಾರ. ಬೆಳಗಿನ ಜಾವ

ಶೂ ಹಾಕಿದೆ. ಖಾಕಿ ಅಲ್ಲ, ಟ್ರ್ಯಾಕ್ ಪ್ಯಾಂಟೇ. ಸುಷ್ಮಾ ಮಲಗಿದ್ದಾಳೆ.

ಒಂದೇ ಸಲ ಆ ಏರು. ಏನೂ ಆಗದಿದ್ದರೆ ನಾಳೆ ಸ್ಟೇರಿಂಗ್, ಮತ್ತೆ ಇದರ ಯೋಚನೆಯೇ ಬೇಡ. ಆದರೆ —

ಹೋಗಿ ಬರ್ತೀನಿ.

ಅದೇ ದಿನ. ಸಂಜೆ

ಮೋರಿಯವರೆಗೂ ಹೋಗಲಿಲ್ಲ. ಅದಕ್ಕಿಂತ ಮೊದಲೇ ಹಿಡಿಯಿತು. ಕೈ ತಾನಾಗಿ ಎರಡೂ ಕಡೆ ಚಾಚಿತು, ಕಂಬಿ ಹುಡುಕಿತು. ಏನಿದೆ ಅಲ್ಲಿ? ಮಂಜು. ರಸ್ತೆ ಬದಿ ಕಲ್ಲಿನ ಮೇಲೆ ಕೂತೆ. ಡಾಕ್ಟರ್ ಕೊಟ್ಟ ಚಿಕ್ಕ ಮಾತ್ರೆ ಜೇಬಿನಲ್ಲಿತ್ತು, ನಾಲಿಗೆ ಕೆಳಗಿಟ್ಟೆ. ನಿಧಾನಕ್ಕೆ ಬಿಟ್ಟಿತು. ಅಳು ಬಂತು, ಅತ್ತೆ. ಯಾರೂ ಇರಲಿಲ್ಲ.

ಎದ್ದು ಎರಡು ಹೆಜ್ಜೆ ಹಾಕಿರಬೇಕು, ಸಾಗರದ ಕಡೆಯಿಂದ ನಮ್ಮ ಬಸ್. ಒಳಗಿಂದ ಕೂಗು: "ನಿಲ್ಸು ನಿಲ್ಸು, ಯಾರಿಗೋ ಬಸ್ ತಪ್ಪಿದೆ!" ಬಸ್ ನಿಂತಿತು. ನನ್ನ ಮುಖ ನೋಡಿ ಬಸ್ಸಿಗೆ ಬಸ್ಸೇ ನಕ್ಕಿತು. ದೀಪಕ್ ಬಾಗಿಲು ತೆಗೆದು ಸೀಟಿನಿಂದ ಇಳಿದೇಬಿಟ್ಟ.

"ಬನ್ನಿ ಅಣ್ಣ. ನಾಳೆ ಯಾಕೆ, ಇವತ್ತಿಂದಲೇ ಓಡ್ಸಿ. ನಂಗೂ ರಜೆ ಸಿಗ್ತು."

ಡ್ರೈವರ್ ಬಾಗಿಲು ತೆರೆದಿತ್ತು. ಸೀಟು ಖಾಲಿ. ಇಂಜಿನ್ ಆನ್. ಕನ್ನಮ್ಮ ಆಗಲೇ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡು, "ಹತ್ತಿ ಬೇಗ" ಅಂದಳು.

ನಾನು ಬಸ್ಸಿನ ಸುತ್ತ ಬಂದು ಹಿಂದಿನ ಬಾಗಿಲಿನಿಂದ ಹತ್ತಿದೆ. ಎಲ್ಲರೂ ತಿರುಗಿ ನೋಡಿದರು. ಕನ್ನಮ್ಮನ ಪಕ್ಕ ಹೋಗಿ ಕೂತೆ. ದೀಪಕ್ ಇನ್ನೂ ಕೆಳಗೆ ನಿಂತಿದ್ದ. "ಹೋಗಪ್ಪ, ಲೇಟಾಗುತ್ತೆ" ಅಂದೆ. "ತಿರುವಿನಲ್ಲಿ ಗೇರ್ ಇಳ್ಸು."

ಗಣೇಶ ತಮಾಷೆ ಅಂದುಕೊಂಡು ಬಂದ. ಫೋನ್ ಕವರ್ ಹಿಂದೆ ಇಟ್ಟಿದ್ದ ನೋಟು ತೆಗೆದು ಕೊಟ್ಟೆ. "ಕೋಣಂದೂರು ಒಂದು." "ನಿಮ್ಗೆಂತ ಟಿಕೆಟ್ ಗುತ್ಯಣ್ಣ" ಅಂದ. ಟಿಕೆಟ್ ಹರಿ ಅಂದೆ. ಹರಿದು ಕೊಟ್ಟ. ಆ ಬಸ್ಸಿನಲ್ಲಿ ನಾನು ತಗೊಂಡ ಮೊದಲ ಟಿಕೆಟ್.

ಕನ್ನಮ್ಮ ಟಿಕೆಟ್ ನೋಡಿದಳು. ನನ್ನ ಮುಖ ನೋಡಿದಳು. ಸೆರಗು ಹೊದ್ದುಕೊಂಡು ನೆಟ್ಟಗೆ ಕೂತಳು. ಹೊಸನಗರದವರೆಗೆ ಕಣ್ಣು ಮುಚ್ಚಲಿಲ್ಲ. ಇಳಿಯುವಾಗ ನನ್ನ ಭುಜ ಮುಟ್ಟಿ ಹೋದಳು.

ಹೊಸನಗರದಲ್ಲಿ ಸುಷ್ಮಾಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾಳೆ ಮೊದ್ಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗೋಣ. ನಾನೂ ಬರ್ತೀನಿ" ಅಂದಳು.

ಕೋಣಂದೂರಿನಲ್ಲಿ ಮುಕುಂದಯ್ಯ ಜಗಲಿಯಲ್ಲೇ ಪೇಪರ್ ಓದ್ತಾ ಕೂತಿದ್ದರು. ನನ್ನನ್ನು ನೋಡಿದ್ದೇ ಎದ್ದು ನಿಂತರು. "ಬಾ ಡ್ರೈವರೇ, ಬಾ" ಅಂದರು, ಒಳಗೆ ಕಾಫಿಗೆ ಹೇಳಿದರು. ನಾನು ಮೆಟ್ಟಿಲ ಕೆಳಗೇ ನಿಂತು, ಅಯ್ಯಾ, ಆ ಟೆಸ್ಟಿನಲ್ಲಿ ನಾನು ಕಂಬಿ ಹಿಡಿದೇ ಪಾಸಾದದ್ದು, ಗಾಡಿ ದೀಪಕ್ ಹತ್ತಿರವೇ ಇರಲಿ ಅಂದೆ.