ಬೆಳೆಯುವ ಮೊಣಕಾಲಿಗೆ ಎರವಲು ಅಂಗಿ

ವಿಚಿಟಾ, ಕ್ಯಾನ್ಸಸ್
ಅಕ್ಟೋಬರ್ 14

ಗ್ರಾಂಟ್,

ನಿನ್ನ ಕ್ಷೇಮ ವಿಚಾರಿಸುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ನೀನು ಹ್ಯಾಟಿಯನ್ನು ಬಿಟ್ಟುಹೋದಾಗ ಅವಳ ಮೊಣಕಾಲು ಊದಿಕೊಂಡಿತ್ತು. ಏನಾಯಿತೆಂದು ಕೇಳಿದರೆ, "ಅಪ್ಪನ ಮನೆ ಮೆಟ್ಟಿಲಲ್ಲಿ ಜಾರಿದೆ ಅಮ್ಮ" ಅಂದಳು. ನಂಬಿದೆ. ಬುಧವಾರ ಚರ್ಚಿನ ಊಟದಲ್ಲಿ, ಮಗಳನ್ನು ಬೇರೊಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡಿಸುವ ಡಾರ್ಲಾ ಪೆನ್ನರ್ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಾ, "ಶನಿವಾರ ನಿಮ್ಮ ಹುಡುಗಿ ನಮ್ಮ ಟೀಮಿನ ಪರ ಎಂಥಾ ಗೋಲ್ ಹೊಡೆದ್ಲು ರೀ" ಎಂದು ಹೊಗಳಿದಳು.

ಡಾಕ್ಟರ ಒಪ್ಪಿಗೆಯಿಲ್ಲದೆ ನಮ್ಮ ಕ್ಲಬ್ ಅವಳನ್ನು ಮೈದಾನಕ್ಕೆ ಬಿಡುವುದಿಲ್ಲವೆಂದು, ಅತಿಥಿ ಆಟಗಾರ್ತಿಯ ನೆಪದಲ್ಲಿ ಬೇರೆ ಕ್ಲಬ್ಬಿನ ಅಂಗಿ ತೊಡಿಸಿದೆಯಲ್ಲ, ಎಂಥ ತಲೆಯಪ್ಪಾ ನಿನ್ನದು. ಅಂಗಿ ಬದಲಾದರೆ ಮೊಣಕಾಲೂ ಬದಲಾಗುತ್ತದೆಯೇ?

ಡಾಕ್ಟರ್ ಮೆಲ್ಕೋನಿಯನ್ ಎಕ್ಸ್‌ರೇ ಹಿಡಿದು ನಮ್ಮಿಬ್ಬರಿಗೂ ತೋರಿಸಿರಲಿಲ್ಲವೇ? ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದಿದೆ, ಹನ್ನೆರಡರ ಹುಡುಗಿ, ಮೊಣಕಾಲಿನ ಮೂಳೆ ಇನ್ನೂ ಬೆಳೆಯುತ್ತಿದೆ. ಆಪರೇಷನ್‌ನಲ್ಲಿ ದೊಡ್ಡವರಿಗೆ ಕೊರೆದಂತೆ ಮೂಳೆ ಕೊರೆದರೆ ಕಾಲು ಸೊಟ್ಟಗಾದೀತು, ಗಿಡ್ಡವಾದೀತು. ಬೆಳೆಯುವ ಜಾಗ ತಪ್ಪಿಸಿ ಹೊಸ ಲಿಗಮೆಂಟ್ ಕೂರಿಸುತ್ತೇವೆ, ಆಮೇಲೆ ವರ್ಷವಿಡೀ ಆಟ ಬೇಡ, ಆಪರೇಷನ್ ಆಗುವವರೆಗೆ ಓಟವೂ ಬೇಡ ಅಂದರು. ನೀನು, "ಸೀಸನ್ ಮುಗೀಲಿ ಡಾಕ್ಟ್ರೇ, ಪಟ್ಟಿ ಕಟ್ಕೊಂಡು ಆಡ್ತಾಳೆ, ದೊಡ್ಡ ಕ್ಲಬ್‌ನೋರು ನೋಡೋಕೆ ಬರ್ತಾರೆ" ಎಂದು ಎದ್ದುಹೋದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಿನ್ನೆ ಮತ್ತೆ ತೋರಿಸಿದೆ. ಮೂಳೆಗಳ ನಡುವಿನ ಮೆತ್ತೆಯೂ ಹರಿದಿದೆ. ಶನಿವಾರದವರೆಗೆ ಅದು ಸರಿಯಾಗಿಯೇ ಇತ್ತು. ಇನ್ನು ತಡಮಾಡಿದರೆ ಹೊಲಿಯಲು ಏನೂ ಉಳಿಯುವುದಿಲ್ಲ ಅಂದರು ಡಾಕ್ಟರು. ನಾವು ಬೇರೆಯಾದಾಗ ಮಗಳ ಚಿಕಿತ್ಸೆಗೆ ಇಬ್ಬರ ಒಪ್ಪಿಗೆಯೂ ಬೇಕೆಂದು ಕೋರ್ಟು ಹೇಳಿತ್ತು. ಇಲ್ಲದಿದ್ದರೆ ನಿನ್ನನ್ನು ಕೇಳುತ್ತಲೂ ಇರಲಿಲ್ಲ. ಮುಂದಿನ ಶುಕ್ರವಾರದೊಳಗೆ ಆಸ್ಪತ್ರೆಗೆ ಬಂದು ಸಹಿ ಹಾಕು. ಬರದಿದ್ದರೆ ಸೋಮವಾರ ಜಡ್ಜ್ ಮುಂದೆ ನಿಲ್ಲುತ್ತೇನೆ, ಡಾರ್ಲಾಳನ್ನೂ ಕರೆದುಕೊಂಡು.

ನಿನ್ನ ಮಗಳ ತಾಯಿ,
ರೋಂಡಾ

ತಾ.ಕ.: ಹ್ಯಾಟಿ ಕೊನೆಗೂ ಅಳುತ್ತಾ ಬಾಯಿಬಿಟ್ಟಳು. ಮೊದಲರ್ಧದಲ್ಲೇ ಕಾಲು ನೋಯುತ್ತಿತ್ತಂತೆ. ಯಾಕೆ ಹೇಳಲಿಲ್ಲವೆಂದರೆ, "ಮ್ಯಾಚ್ ಇದ್ರೆ ತಾನೇ ಅಪ್ಪ ಬರೋದು. ಒಂದು ವರ್ಷ ಆಡ್ದೇ ಇದ್ರೆ ಬರ್ತಾನಾ?" ಎಂದು ನನ್ನನ್ನೇ ಕೇಳಿದಳು. ಬರ್ತಾನೆ ಅಂದೆ. ಆಣೆ ಹಾಕು ಅಂದಳು. ನಿನ್ನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ, ಆದರೂ ಆಣೆ ಹಾಕಿದ್ದೇನೆ.