ಕೂಸನ್ನು ಕರೆದುಕೊಂಡು ಬರಬೇಡ

ಹನೂರು
೨-೧೦-೧೯೬೩

ಮತ್ತೆ ಸೌಭಾಗ್ಯವತಿಯಾದ ಗೋವಿಂದಮ್ಮನಿಗೆ, ನಿನ್ನ ಹಳೇ ಅತ್ತೆ ಮಾಡುವ ಆಶೀರ್ವಾದ.

ರೇಷ್ಮೆಹುಳ ಜ್ವರಕ್ಕೆ ಕೂತಿವೆ, ಪೊರೆ ಬಿಡುವ ತನಕ ಸೊಪ್ಪು ಹಾಕುವ ಹಾಗಿಲ್ಲ. ಅದಕ್ಕೇ ಇವತ್ತು ಕೈಗೆ ಬಿಡುವು. ಬಿಡುವಿದ್ದರೂ ಮೈ ಏಳುವುದಿಲ್ಲ ಕಣೇ, ಸಾಕಾಗಿಹೋಗಿದೆ. ಮೂರನೇ ಕ್ಲಾಸಿನ ಅಕ್ಷರ, ಕೂಡಿಸಿಕೊಂಡು ಓದು.

ನಿನ್ನ ಕಾಗದ ಬಂತು. ದೀಪಾವಳಿಗೆ ಯಳಂದೂರಿನಿಂದ ಚೆಲುವಿಯನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದೀಯ. ಬರಬೇಡ.

ನಿನ್ನ ಎರಡನೇ ಮದುವೆಯ ಉಡಿಕೆಯ ದಿನ ಕುಲದ ಯಜಮಾನರ ಎದುರಿಗೆ ಅಂಥ ಮಾತು ಯಾಕೆ ಆಡಿದಿರಿ ಎಂದೂ ಕೇಳಿದ್ದೀಯ. ಏನು ಮಾಡಲಿ ತಾಯಿ? ಗಂಡ ಸತ್ತವಳು ಇನ್ನೊಬ್ಬನ ಸೀರೆ ಉಟ್ಟು ಹೊರಟರೆ ಕೂಸು ಸತ್ತವನ ಮನೆಗೇ ಸೇರಬೇಕು, ಅದು ನಮ್ಮ ಕುಲದ ಕಟ್ಟು. ನಿನ್ನ ಮೈದುನ ಮುತ್ತಯ್ಯ ಆಗಲೇ ಬಾಯಿ ತೆಗೆದಿದ್ದ, "ನಮ್ಮಣ್ಣನ ಕೂಸು ಕಣ್ರಿ, ಎಲ್ಲೂ ಓಗಕೂಡ್ದು" ಎಂದು. ಯಜಮಾನ ಚಿಕ್ಕಸಿದ್ದಯ್ಯನೂ ತಲೆದೂಗಿದ. ನಿನ್ನ ಮುಖ ನೋಡಿದೆ. ನನ್ನ ಮಗ ಮಹದೇವು ಹೋದ ದಿನವೂ ನಿನ್ನ ಮುಖ ಹಾಗಿರಲಿಲ್ಲ. ಅದಕ್ಕೇ ಕಿರುಚಿದೆ, "ಉಟ್ಟಿದ್ದೇ ಅಪ್ಪನ್ನ ನುಂಗ್ಬುಡ್ತು ಈ ಶನಿ! ನನ್ ಒಸ್ಲು ತುಳೀಕೂಡ್ದು, ಎತ್ಕಂಡು ಓಗು!" ಎಂದು. ಅಪಶಕುನ ಅಂದಕೂಡಲೇ ಮುತ್ತಯ್ಯ ಹಿಂದೆ ಸರಿದ, ಯಜಮಾನನೂ ಕೂಸು ನಿನ್ನ ಜೊತೆಗೇ ಹೋಗಲಿ ಎಂದ.

ನನ್ನ ಬಾಯಿ ಸೇದಿಹೋಗ! ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ ಕೂಸಿಗೆ ಆಡುವ ಮಾತೇ ಅದು?

ಈಗ ನೀನು ಅವಳನ್ನು ಕರೆತಂದರೆ ನಾನು ತಡೆದುಕೊಳ್ಳಲಾರೆ, ಓಡಿಬಂದು ಎತ್ತಿಕೊಂಡುಬಿಡುತ್ತೇನೆ. ಮುತ್ತಯ್ಯ ನೋಡಿದನೆಂದರೆ ಮುಗಿಯಿತು, ಮಾರನೇ ದಿನವೇ ಪಂಚಾಯಿತಿ ಸೇರಿಸಿ ಕೂಸನ್ನು ಕಿತ್ತುಕೊಳ್ಳುತ್ತಾನೆ. ಊರವರು ನನ್ನನ್ನು ರಾಕ್ಷಸಿ ಅನ್ನುತ್ತಾರೆ. ಅನ್ನಲಿ ಬಿಡು. ನಿಮ್ಮ ಋಣ ತೀರಿಸಬೇಕು ಎಂದೆಲ್ಲ ಬರೆದಿದ್ದೀಯಲ್ಲ, ಅದೇನೂ ಬೇಡ. ನೀನು ತರುತ್ತೇನೆಂದ ಸೀರೆಯೂ ಬೇಡ, ಇನ್ನು ಮೇಲೆ ಕಾಗದವೂ ಬೇಡ. ಚೆಲುವಿಯ ತಲೆ ಬಾಚುವಾಗ ಮೊದಲು ಎಣ್ಣೆ ಹಾಕು. ನೆತ್ತಿಯಲ್ಲಿ ಎರಡು ಸುಳಿ, ಎಳೆದರೆ ಅಳುತ್ತಾಳೆ.

ಇದನ್ನು ಓದಿ ಒಲೆಗೆ ಹಾಕು.

ಇಂತಿ,
ಚಿಕ್ಕನಿಂಗಮ್ಮ

ಬರೆಯುವುದು ಮರೆತೆ: ಮಲಗುವ ಹೊತ್ತಿಗೆ ಚೆಲುವಿ "ಅಜ್ಜಿ ಎಲ್ಲಿ" ಎಂದು ಅಳುತ್ತಾಳೆ ಎಂದಿದ್ದೀಯ. ಇನ್ನು ಕೇಳಿದರೆ ನಿನ್ನ ಹೊಸ ಅತ್ತೆಯ ಮಡಿಲಲ್ಲಿ ಕೂರಿಸು. ಇವರೇ ನಿನ್ನಜ್ಜಿ, ಮೊದಲಿಂದಲೂ ಇವರೇ ಅನ್ನು.